ಅಪ್‌ಡೇಟ್: ಇಬ್ಬರೇ ಆಡುವ ಚೌಕಾಬಾರ ಕೊನೆಗೂ ಸರಿಹೋಯ್ತು

ಊಟ ಆದ್ಮೇಲೆ ಗಂಡ-ಹೆಂಡತಿ ಇಬ್ಬರೇ ಚೌಕಾಬಾರಕ್ಕೆ ಕೂತರೆ ಬೇಗ ಸಪ್ಪೆಯಾಗುತ್ತೆ, ಏನು ಮಾಡೋದು ಅಂತ ಹೋದ ವಾರ ಕೇಳಿದ್ದೆ. ಕೆಲಸಕ್ಕೆ ಬಂದದ್ದು ‘ಒಬ್ಬೊಬ್ಬರು ಎರಡೆರಡು ಮನೆ ಹಿಡೀರಿ’ ಅನ್ನೋ ಸಲಹೆ. ಅದೇ 5×5 ಚೌಕ. ಎದುರುಬದುರು ಮನೆ ಒಬ್ಬರಿಗೆ, ಮನೆಗೆ 4ರಂತೆ ಒಬ್ಬರ ಕೈಲಿ 8 ಕಾಯಿ. ಹೊರಸುತ್ತಿನ 16 ಚೌಕದಲ್ಲಿ ಕಾಯಿ ಕಿಕ್ಕಿರಿದು ಹೊಡೆತವೋ ಹೊಡೆತ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅನ್ನೋ ನಿಯಮ ಮಾತ್ರ ಬಿಡಬೇಡಿ, ಆಟದ ಜೀವ ಅದೇ.

ಲೂಡೋ ದಾಳ ಕೈಕೊಟ್ಟಿತು. 4, 8 ಬಿದ್ದರೆ ಸಿಗುವ ಮರು ಎಸೆತದ ಲೆಕ್ಕವೇ ಕೆಡುತ್ತೆ. ಕವಡೆ ಜಮಖಾನದ ಮೇಲೆ ವಾಲಿ ನಿಂತು ಜಗಳ: ‘ಬೋರಲು!’ ‘ಅಲ್ಲ ರೀ, ಅಂಗಾತ!’ ಕೊನೆಗೆ 4 ಹುಣಸೆಬೀಜ. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ, ಬಿಳಿ ಪೂರ್ತಿ ಕಾಣಬೇಕು, ಚಪ್ಪಟೆಯಾಗಬೇಕು, ಇಲ್ಲದಿದ್ದರೆ ಉರುಳುತ್ತೆ. ಬರೀ ನೆಲದ ಮೇಲೆ ಎಸೆಯಿರಿ.

ಲೆಕ್ಕ ಹಾಕಿದಾಗ ಅಚ್ಚರಿ ಆಯ್ತು: ಬೀಜ ಎರಡೂ ಕಡೆ ಸಮನಾಗಿ ಬೀಳೋದಾದರೆ ಸರಾಸರಿ 16 ಎಸೆತಕ್ಕೆ 6 ಸಲ ಬೀಳೋದು 2 (ಎರಡು ಬೀಜದ ಬಿಳಿ ಮೇಲೆ). ಹಾಗಾಗಿ ಕಟ್ಟೆ (ಕಾಯಿ ಹೊಡೆಯೋ ಹಾಗಿಲ್ಲದ ಚೌಕ) ಇಲ್ಲದ ಕಡೆ, ಎದುರಾಳಿ ಕಾಯಿಗೆ ಸರಿಯಾಗಿ ಎರಡು ಚೌಕ ಮುಂದೆ ನಿಂತರೆ ಕೆಟ್ಟಿರಿ.