ವೆನೀರ್ ಹಲಗೆಗೆ ಅಂಟಿಸಿದ ತೇಗದ ಅಂಚುಪಟ್ಟಿಯನ್ನು ಹತ್ತರಿಯಿಂದ ಮಟ್ಟ ಮಾಡುವುದು ಹೇಗೆ?

ಪ್ರಶ್ನೆ:
ಓದುವ ಮೇಜಿಗೆಂದು ವೆನೀರ್ (ಮೇಲೆ ಅಂಟಿಸುವ ತೆಳುವಾದ ಮರದ ಹಾಳೆ) ಹಾಕಿದ 19 ಮಿ.ಮೀ. ಪ್ಲೈವುಡ್ಡಿನ ನಾಲ್ಕೂ ಅಂಚಿಗೆ ತೇಗದ ಪಟ್ಟಿಗಳನ್ನು ಅಂಟಿಸಿದ್ದೇನೆ. ಪಟ್ಟಿಯು ವೆನೀರಿಗಿಂತ ಸುಮಾರು 1 ಮಿ.ಮೀ. ಎದ್ದಿದೆ. ಹಿಂದೊಮ್ಮೆ ಕಪಾಟಿನ ಬಾಗಿಲಲ್ಲಿ ಇದನ್ನು ಉಪ್ಪುಕಾಗದದಿಂದಲೇ ಇಳಿಸಲು ಹೋಗಿ, ಪಟ್ಟಿಯ ಪಕ್ಕದಲ್ಲಿ ಬೆರಳಗಲ ವೆನೀರ್ ಸವೆದು ಕೆಳಗಿನ ಪ್ಲೈ ಕಾಣಿಸಿಕೊಂಡಿತು. ಪಾಲಿಶ್ ಹಚ್ಚಿದ ಮೇಲಂತೂ ಆ ಕಲೆ ಇನ್ನಷ್ಟು ಎದ್ದು ಕಂಡಿತು. ಯಂತ್ರವಿಲ್ಲ, ಚಿಕ್ಕ ಹತ್ತರಿ (ಮರ ಹೆರೆಯುವ ಕೈ ಉಪಕರಣ) ಮತ್ತು ಉಳಿಗಳಿವೆ. ಹೇಗೆ ಮುಂದುವರಿಯಲಿ?

ಉತ್ತರ 1:
ವೆನೀರಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು ಇರುವುದರಿಂದ, ಎತ್ತರ ಇಳಿಸುವ ಕೆಲಸವನ್ನು ಉಪ್ಪುಕಾಗದಕ್ಕೆ ಕೊಡಲೇಬಾರದು. ಮೊದಲು ಕೂಡುಗೆರೆಯ ಉದ್ದಕ್ಕೂ ವೆನೀರ್ ಮತ್ತು ಪಟ್ಟಿ ಎರಡರ ಮೇಲೂ ಪೆನ್ಸಿಲಿನಿಂದ ಹಗುರವಾಗಿ ಗೀಚಿಕೊಳ್ಳಿ. ಹತ್ತರಿಯ ತಳದಲ್ಲಿ ವೆನೀರ್ ಮೇಲೆ ಜಾರುವ ಪಕ್ಕಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿದರೆ, ಅಲಗು ವೆನೀರನ್ನು ಮುಟ್ಟದೆ ಪಟ್ಟಿಯನ್ನು ಮಾತ್ರ ಕೆತ್ತುತ್ತದೆ. ಅಲಗನ್ನು ಚೆನ್ನಾಗಿ ಮಸೆದು, ತೀರಾ ಕಡಿಮೆ ಹೊರಬಿಟ್ಟು, ಹತ್ತರಿಯನ್ನು ಓರೆಯಾಗಿ ಹಿಡಿದು ನಾರು ಮೇಲೇಳುವ ದಿಕ್ಕಿನಲ್ಲೇ ತಳ್ಳಿರಿ. ಸುರುಳಿಯ ಬದಲು ಚೂರು ಚೂರಾಗಿ ಬಂದರೆ ನೀವು ನಾರಿಗೆ ಎದುರಾಗಿ ಹೋಗುತ್ತಿದ್ದೀರಿ ಎಂದರ್ಥ. ಅಲ್ಲೇ ನಿಲ್ಲಿಸಿ ಇನ್ನೊಂದು ತುದಿಯಿಂದ ಬನ್ನಿ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಅದಕ್ಕೂ ಮುಂಚಿನ ಒಂದು ಎಚ್ಚರಿಕೆಯಿದೆ. ಬಿಳಿ ಅಂಟಿನ ನೀರನ್ನು ಹೀರಿ ಕೂಡುಗೆರೆಯ ಮರ ಉಬ್ಬಿರುತ್ತದೆ. ಆಗಲೇ ಮಟ್ಟ ಮಾಡಿದರೆ, ಒಣಗಿದ ಮೇಲೆ ಅಲ್ಲಿ ಸಣ್ಣ ತಗ್ಗು ಬೀಳುತ್ತದೆ. ಆದ್ದರಿಂದ ಕನಿಷ್ಠ ಒಂದು ರಾತ್ರಿ ಬಿಡಿ. ಕೊನೆಯ ಕೂದಲೆಳೆಯಷ್ಟನ್ನು ಹತ್ತರಿಗೆ ಬಿಡದೆ, ಉಕ್ಕಿನ ಸ್ಕ್ರೇಪರಿನಿಂದ ಕೆರೆಯುವುದೇ ನನ್ನ ಪದ್ಧತಿ. ವೆನೀರ್ ಮೇಲಿನ ಪೆನ್ಸಿಲ್ ಗೀಚು ಮಸುಕಾಗತೊಡಗಿದ ಕ್ಷಣವೇ ಕೈ ನಿಲ್ಲಬೇಕು. ಆಮೇಲೆ ಮರದ ತುಂಡಿಗೆ ಸುತ್ತಿದ 180 ನಂಬರಿನ ಕಾಗದದಿಂದ ನಾಲ್ಕೈದು ಸಲ ಸವರಿದರೆ ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಉಳಿದ ಪ್ಲೈ ತುಂಡಿನಲ್ಲಿ ಮಾಡಿ ನೋಡಿದೆ; ಉಗುರಿನಿಂದ ಎಳೆದರೂ ಕೂಡುಗೆರೆ ತಡೆಯಲಿಲ್ಲ. ಆದರೆ ಪಟ್ಟಿಗಳು 45 ಡಿಗ್ರಿಯಲ್ಲಿ ಸೇರುವ ಮೂಲೆಯಲ್ಲಿ ಹತ್ತರಿ ಅಡ್ಡ ನಾರನ್ನು ಕಿತ್ತಿತು.

ಉತ್ತರ 1:
ಮೂಲೆಗೆ ಎರಡು ಅಂಗುಲ ಮೊದಲೇ ಹತ್ತರಿಯನ್ನು ಎತ್ತಿಬಿಡಿ. ಅಲ್ಲಿ ಅಗಲವಾದ ಉಳಿಯ ಚಪ್ಪಟೆ ಬೆನ್ನನ್ನು ವೆನೀರ್ ಮೇಲೆ ಮಲಗಿಸಿ, ನೇರವಾಗಿ ನೂಕದೆ ಪಕ್ಕಕ್ಕೆ ಜಾರಿಸುತ್ತಾ, ಪ್ರತಿ ಪಟ್ಟಿಯನ್ನೂ ಅದರ ನಾರಿನ ಉದ್ದಕ್ಕೆ ತೆಳುವಾಗಿ ಸೀಳಿ ತೆಗೆಯಿರಿ.