ಉಂಗುರಕ್ಕೂ 52, ಕ್ಯಾನ್ ರಿಂಗಿಗೂ 52: ಮೆಟಲ್ ಡಿಟೆಕ್ಟರ್ ಕೆಟ್ಟಿದ್ಯಾ?

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಡಿಟೆಕ್ಟರ್ ತಗೊಂಡೆ, ಸ್ಕ್ರೀನಲ್ಲಿ 0ಯಿಂದ 99ರ ತನಕ ನಂಬರ್ ಬರುತ್ತೆ. ಹೆಂಡ್ತಿ ಚಿನ್ನದುಂಗುರ ತೋರಿಸಿದ್ರೆ 52. ಕೂಲ್ ಡ್ರಿಂಕ್ ಕ್ಯಾನ್ ಎಳೆಯೋ ರಿಂಗ್ ಇರುತ್ತಲ್ಲ, ಅದಕ್ಕೂ 52. ಮೋಸ ಹೋದ್ನಾ?

ಉತ್ತರ: ಇಲ್ಲ ಬಿಡಿ, ಮಿಷಿನ್ ಸರಿಯಾಗೇ ಇದೆ. ರಿಪೇರಿಗೆ ಬರೋರಲ್ಲಿ ಅರ್ಧ ಜನ ಇದೇ ಕಂಪ್ಲೇಂಟ್ ತರ್ತಾರೆ. ಮಿಷಿನಿಗೆ ಚಿನ್ನ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಕೆಳಗಿನ ತಟ್ಟೆಯೊಳಗೆ ತಂತಿ ಸುರುಳಿ ಎರಡಿವೆ, ಒಂದ್ರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಆಡ್ತಿರುತ್ತೆ, ಆ ಕಾಂತಕ್ಷೇತ್ರ ಲೋಹಕ್ಕೆ ತಾಗಿದ್ರೆ ಲೋಹದೊಳಗೂ ಸಣ್ಣ ಸುಳಿ ಕರೆಂಟು ಏಳುತ್ತೆ, ಅದರ ಕಾಂತಕ್ಷೇತ್ರಾನ ಇನ್ನೊಂದು ಸುರುಳಿ ಹಿಡಿಯುತ್ತೆ. ಈ ಉತ್ತರ ಎಷ್ಟು ತಡವಾಗಿ ಬಂತು, ಅದೇ ನಿಮ್ಮ ನಂಬರ್. ಇದಕ್ಕೆ ಫೇಸ್ ಶಿಫ್ಟ್ ಅಂತೀವಿ.

ದಪ್ಪ ಬೆಳ್ಳಿ ನಾಣ್ಯದಲ್ಲಿ ಸುಳಿ ನಿಧಾನಕ್ಕೆ ಸಾಯುತ್ತೆ, ನಂಬರ್ ಮೇಲೆ ಹೋಗುತ್ತೆ. ತೆಳು ಅಲ್ಯೂಮಿನಿಯಂ ಫಾಯಿಲಲ್ಲಿ ಎದ್ದ ಹಾಗೇ ಸತ್ತೋಗುತ್ತೆ, ನಂಬರ್ ಕೆಳಗೆ. ಅಂದ್ರೆ ಲೋಹ ಮಾತ್ರ ಅಲ್ಲ, ಗಾತ್ರ, ದಪ್ಪ, ಆಕಾರ ಎಲ್ಲಾ ಸೇರಿ ಒಂದೇ ನಂಬರ್. ಅಪ್ಪಟ ಚಿನ್ನ ಅಲ್ಯೂಮಿನಿಯಂಗಿಂತ ಚೆನ್ನಾಗೇ ಕರೆಂಟು ಹರಿಸುತ್ತೆ, ಆದ್ರೆ ಒಡವೆಗೆ ತಾಮ್ರ ಬೆಳ್ಳಿ ಬೆರೆಸಿರ್ತಾರಲ್ಲ, ಬೆರಕೆ ಆದ ತಕ್ಷಣ ಅದು ಇಳಿಯುತ್ತೆ, ಉಂಗುರ ಬೇರೆ ಸಣ್ಣದು, ಸೀದಾ ಕ್ಯಾನ್ ರಿಂಗ್ ಪಕ್ಕ ಬಂದು ಕೂರುತ್ತೆ.

ಇನ್ನೊಬ್ರು: ಹಾಗಾದ್ರೆ ಕಬ್ಬಿಣ ಹೇಗೆ ಗೊತ್ತಾಗುತ್ತೆ ಸರ್? ನಂದು ಮೊಳೆಗೆ ಸುಮ್ನಿರುತ್ತೆ, ಬಾಟ್ಲಿ ಮುಚ್ಚಳಕ್ಕೆ ಮಾತ್ರ ಒಳ್ಳೆ ಲೋಹ ಸಿಕ್ಕಿದ ಹಾಗೆ ಕೂಗುತ್ತೆ.

ಉತ್ತರ: ಕಬ್ಬಿಣ ತಾನೇ ಅಯಸ್ಕಾಂತ ಆಗಿಬಿಡುತ್ತೆ, ಕಳಿಸಿದ ಕ್ಷೇತ್ರದ ಜೊತೆಗೇ ಕುಣಿಯುತ್ತೆ, ಅದಕ್ಕೆ ಮೊಳೆ ಕಬ್ಬಿಣ ಅಂತ ಸುಲಭವಾಗಿ ಸಿಕ್ಕಿಬೀಳುತ್ತೆ, ಮಿಷಿನ್ ಸುಮ್ನಿರುತ್ತೆ. ಮುಚ್ಚಳ ಉಕ್ಕಿನದೇ, ಆದ್ರೆ ಚಪ್ಪಟೆ, ದುಂಡಗೆ. ಸುಳಿ ಕರೆಂಟಿಗೆ ಸುತ್ತು ಹೊಡೆಯೋಕೆ ಹೇಳಿ ಮಾಡಿಸಿದ ಜಾಗ, ಅದರ ಗಲಾಟೆಯಲ್ಲಿ ಕಬ್ಬಿಣದ ಗುಣ ಮುಚ್ಚಿಹೋಗುತ್ತೆ. ತಟ್ಟೆಯ ಅಂಚನ್ನ ಮಾತ್ರ ಅದರ ಮೇಲೆ ಆಡಿಸಿ ನೋಡಿ, ಸದ್ದು ಒಡೆದು ಗೊರಗೊರ ಅಂದ್ರೆ ಹೆಚ್ಚಾಗಿ ಮುಚ್ಚಳಾನೇ.

ಕಬ್ಬಿಣದ ಕಾಟ ಇವತ್ತಿನದಲ್ಲ. 1881ರಲ್ಲಿ ಅಮೆರಿಕ ಅಧ್ಯಕ್ಷ ಗಾರ್‌ಫೀಲ್ಡ್ ಮೈಯಲ್ಲಿ ಸಿಕ್ಕಿಕೊಂಡಿದ್ದ ಗುಂಡು ಹುಡುಕೋಕೆ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ತಂದಿದ್ರು, ಗುಂಡು ಸಿಗ್ಲಿಲ್ಲ, ಹಾಸಿಗೆಯ ಉಕ್ಕಿನ ಸ್ಪ್ರಿಂಗೂ ಅಡ್ಡ ಬಂದಿತ್ತು ಅಂತಾರೆ.

ಮೊದಲು ಕೇಳಿದವರು: ಮನೇಲಿ ಟೇಬಲ್ ಮೇಲೆ ನಂಬರ್ ನಿಲ್ಲುತ್ತೆ ಸರ್, ಅದೇ ನಾಣ್ಯ ಒಂದು ಗೇಣು ಆಳ ಹೂತ್ರೆ ಕುಣಿಯುತ್ತೆ?

ಉತ್ತರ: ಆಳಕ್ಕೆ ಹೋದಷ್ಟೂ ಸಿಗ್ನಲ್ ಸಣ್ಣದಾಗುತ್ತೆ, ಮಣ್ಣಲ್ಲಿರೋ ಕಬ್ಬಿಣದ ಅಂಶದ ಸಿಗ್ನಲ್ ಅದರ ಜೊತೆ ಬೆರೆಯುತ್ತೆ. ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡ್ಕೊಳ್ಳಿ, ಅಂದ್ರೆ ಮಣ್ಣಿನ ಸಿಗ್ನಲ್ ಲೆಕ್ಕಕ್ಕೆ ಬರದ ಹಾಗೆ ಮಿಷಿನ್ ಹೊಂದಿಸ್ಕೊಳ್ಳಿ. ಕೆಂಪು ಮಣ್ಣಾದ್ರೆ ಆಗಾಗ ಮಾಡ್ತಾನೇ ಇರಬೇಕಾಗಬಹುದು.

ಮೊದಲು ಕೇಳಿದವರು: ಸರಿ, 52 ಬಂದ್ರೆ ಸದ್ದೇ ಮಾಡಬಾರ್ದು ಅಂತ ಸೆಟ್ ಮಾಡಿಬಿಡ್ಲಾ? ಕ್ಯಾನ್ ರಿಂಗ್ ಅಗೆದೂ ಅಗೆದೂ ಸೊಂಟ ಬಿದ್ದೋಯ್ತು.

ಉತ್ತರ: ಮಾಡಿ, ಆದ್ರೆ ಯಾರದ್ದಾದ್ರೂ ಉಂಗುರ ಹುಡುಕೋಕೆ ಹೋಗೋ ದಿನ ಮರೀದೆ ತೆಗೀರಿ, ಅದೂ ಸದ್ದಿಲ್ದೆ ದಾಟೋಗುತ್ತೆ.