ಪದಚರ್ಚೆ: ಎಚ್‌ಐವಿ ತಡೆಯುವ ‘ಪ್ರೆಪ್’, ‘ಪೆಪ್’ ಔಷಧಗಳಿಗೆ ವಲಸೆ ಕಾರ್ಮಿಕರಿಗೆ ತಿಳಿಯುವ ಹೆಸರು ಯಾವುದು?

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಪುಣೆಯ ಹಿಂಜವಡಿ, ವಾಕಡ್ ಕಡೆಯ ಕಟ್ಟಡ ಕೆಲಸಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳವರಿಗಾಗಿ ಎಚ್‌ಐವಿ ತಡೆ ಔಷಧಗಳ ಬಗ್ಗೆ ಒಂದು ಪುಟದ ಕರಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ನನ್ನ ಕೈಗೆ ಬಂದ ತಿಳಿವಳಿಕೆಯ ಹಾಳೆಗಳೆಲ್ಲ ಮರಾಠಿ, ಹಿಂದಿಗಳಲ್ಲಿವೆ; ಕನ್ನಡವನ್ನಷ್ಟೇ ಓದಬಲ್ಲವರಿಗೆ, ಅದನ್ನೂ ಓದಲಾರದೆ ಯಾರಾದರೂ ಓದಿ ಹೇಳಿದ್ದನ್ನು ಕೇಳಿ ತಿಳಿಯುವವರಿಗೆ, ಇಂಥ ಔಷಧಗಳಿವೆ ಎಂಬ ಸಂಗತಿಯೇ ಮುಟ್ಟಿಲ್ಲ. ಆದ್ದರಿಂದ ನನಗೆ ಬೇಕಾಗಿರುವುದು ನಿಘಂಟಿನಲ್ಲಿ ಸೇರಿಸುವ ಪದವಲ್ಲ, ಕಿವಿಗೆ ಬಿದ್ದ ಕೂಡಲೇ ತಪ್ಪು ಅರ್ಥ ಹುಟ್ಟಿಸದ ಪದ.

ಔಷಧಗಳು ಎರಡು. ಸೋಂಕು ಇಲ್ಲದವರು, ಅದು ತಗಲುವ ಸಂಭವ ಹೆಚ್ಚಿದ್ದಾಗ, ಮುಂಚಿತವಾಗಿಯೇ ತೆಗೆದುಕೊಳ್ಳುವುದು ‘ಪ್ರೆಪ್’. ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಾಬಿನ್ ಕೂಡಿದ ಈ ಮಾತ್ರೆಗೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಪಾಯ ಹೆಚ್ಚಿರುವ ಎಲ್ಲರಿಗೂ ಪ್ರೆಪ್ ದೊರೆಯಬೇಕೆಂದು ಹೇಳಿತು. ಸೋಂಕಿನ ಸಂಪರ್ಕ ಆಗಿಹೋಯಿತೆಂಬ ಶಂಕೆ ಬಂದ ಮೇಲೆ, ಆದಷ್ಟು ಬೇಗ, ತಡವೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತಪ್ಪದೆ ನುಂಗಬೇಕಾದುದು ‘ಪೆಪ್’. ಹೆಸರುಗಳ ನಡುವಿನ ವ್ಯತ್ಯಾಸ ಒಂದು ರಕಾರದ್ದು ಮಾತ್ರ. ಮಿಕ್ಸರ್ ಯಂತ್ರದ ಸದ್ದಿನ ನಡುವೆ ನಿಂತು ಹೇಳಿದರೆ ಅದೂ ಉಳಿಯುವುದಿಲ್ಲ.

ಬರವಣಿಗೆಯಲ್ಲಿ ಸುಲಭವಾಗಿ ಒದಗುವ ಪದ ‘ನಿರೋಧಕ ಮಾತ್ರೆ’. ಆದರೆ ಸರ್ಕಾರವು 1968ರಿಂದ ‘ನಿರೋಧ್’ ಎಂಬ ಹೆಸರಿನಲ್ಲಿಯೇ ಕಾಂಡೋಮ್ ಹಂಚುತ್ತ ಬಂದಿದೆ. ‘ಗರ್ಭನಿರೋಧಕ’ವೂ ಜನರಿಗೆ ಗೊತ್ತಿರುವ ಮಾತು. ಶೆಡ್ಡಿನ ಮುಂದೆ ಕುಳಿತು ಕರಡನ್ನು ಓದಿದಾಗ, ನಲ್ಲಿಯ ಬಳಿ ಕೈಗಂಟಿದ ಸಿಮೆಂಟು ತೊಳೆದುಕೊಳ್ಳುತ್ತಿದ್ದ ಹೆಂಗಸೊಬ್ಬರು, “ಹಂಗಾದ್ರ ಇದು ಮಕ್ಕಳಾಗಲಾರದ ಗುಳಗಿ ಏನ್ರೀ ಅಕ್ಕಾರ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ; ಪ್ರೆಪ್ ಗರ್ಭವನ್ನೂ ತಡೆಯದು, ಇತರ ಲೈಂಗಿಕ ರೋಗಗಳನ್ನೂ ತಡೆಯದು. ಪೆಪ್‌ಗೆ ‘ತುರ್ತು ಗುಳಿಗೆ’ ಎನ್ನೋಣವೆಂದರೆ ತೊಡಕು ಇನ್ನೂ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ತುರ್ತು ಗರ್ಭನಿರೋಧಕಕ್ಕೂ ಅದೇ 72 ಗಂಟೆಗಳ ಗಡುವನ್ನು ಜನ ಕೇಳಿದ್ದಾರೆ. ಅದರಂತೆ ಒಂದೇ ಮಾತ್ರೆ ನುಂಗಿ ಸುಮ್ಮನಾದವರಿಗೆ 28 ದಿನಗಳ ಔಷಧ ತಪ್ಪಿದಂತೆಯೇ.

‘ಎಚ್‌ಐವಿ ಮದ್ದು’ ಎಂದರೆ ರೋಗ ವಾಸಿಮಾಡುವ ಔಷಧವೆಂಬ ಅರ್ಥ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸೋಂಕಿತರಿಗೆ 2004ರಿಂದ ಉಚಿತವಾಗಿ ಕೊಡುತ್ತಿರುವ ‘ಎಆರ್‌ಟಿ’ ಚಿಕಿತ್ಸೆಯ ಹೆಸರನ್ನು ಹಲವರು ಬಲ್ಲರು, ಅದೂ ವಾಸಿಮಾಡುವುದಿಲ್ಲ, ವೈರಸ್ಸನ್ನು ಹತೋಟಿಯಲ್ಲಿಡುತ್ತದೆ. ಟೆನೊಫೊವಿರ್ ಪ್ರೆಪ್‌ನಲ್ಲೂ ಎಆರ್‌ಟಿಯಲ್ಲೂ ಬಳಕೆಯಾಗುವುದರಿಂದ, ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವಲ್ಲಿ ಡಬ್ಬಿಯನ್ನು ಕಂಡವರು ‘ಇವನಿಗೆ ಬಂದಿದೆ’ ಎಂದು ತೀರ್ಮಾನಿಸಿಬಿಡುವ ಭಯವಿದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರೆಪ್ ಆರಂಭಿಸುವ ಮೊದಲು ರಕ್ತಪರೀಕ್ಷೆ ಆಗಲೇಬೇಕು. ಸೋಂಕು ಆಗಲೇ ಇದ್ದವರು ಚಿಕಿತ್ಸೆಗೆ ಸಾಲದ ಎರಡೇ ಔಷಧಗಳನ್ನು ನುಂಗುತ್ತಿದ್ದರೆ ವೈರಸ್ಸು ಅವುಗಳಿಗೆ ಬಗ್ಗದಂತಾಗುತ್ತದೆ. ‘ಸೋಂಕಿಲ್ಲದವರಿಗೆ’ ಎಂಬ ಅರ್ಥವು ಹೆಸರಿನೊಳಗೇ ಇದ್ದರೆ ಎಷ್ಟು ಒಳ್ಳೆಯದಾಗಿತ್ತು!

‘ಮುಂದಿನ ಗುಳಿಗೆ, ಹಿಂದಿನ ಗುಳಿಗೆ’ ಎಂದೂ ಕೆಲವರು ಸೂಚಿಸಿದರು. ಕನ್ನಡದಲ್ಲಿ ‘ಮುಂದಿನ’ ಎಂಬುದು ಬರಲಿರುವುದನ್ನೂ ಹೇಳುತ್ತದೆ, ಎದುರಿಗಿರುವುದನ್ನೂ ಹೇಳುತ್ತದೆ. ‘ಮುಂದಿನ ಗುಳಿಗೆ’ಯನ್ನು ಇಂದಿನದರ ನಂತರ ನುಂಗುವ ಗುಳಿಗೆಯೆಂದೇ ತಿಳಿಯುತ್ತಾರೆ. ‘ಮುಂಗಡ’, ‘ಮುನ್ನೆಚ್ಚರಿಕೆ’ಗಳಲ್ಲಿ ಈ ಗೊಂದಲವಿಲ್ಲ. ಅದೇ ಜಾಡಿನಲ್ಲಿ ‘ಮುನ್’ ಮತ್ತು ‘ಕಾಪು’ ಸೇರಿಸಿ ಪ್ರೆಪ್‌ಗೆ ‘ಮುಂಗಾಪು’ ಎನ್ನಬಹುದೆಂದು ನನಗೆ ತೋರುತ್ತದೆ. ಗುಳಿಗೆಯೆಂಬ ಮಾತು ಅದರಲ್ಲಿ ಇಲ್ಲದಿರುವುದೂ ಅನುಕೂಲವೇ, ಏಕೆಂದರೆ ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಾಪವಿರ್ ಸೂಜಿಮದ್ದಿಗೆ 2025ರ ಜೂನ್‌ನಲ್ಲಿ ಅಮೆರಿಕದ ಒಪ್ಪಿಗೆಯೂ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಬಂದಿವೆ. ಪೆಪ್‌ಗೆ ಮಾತ್ರ ನನ್ನಲ್ಲಿ ಒಳ್ಳೆಯ ಪದವಿಲ್ಲ. ‘28 ದಿನದ ಗುಳಗಿ’ ಎಂದು ಲೆಕ್ಕವನ್ನೇ ಹೆಸರು ಮಾಡಿದರೆ ಹೇಗೆ?

ಇನ್ನೊಂದು ಚಿಕ್ಕ ಪ್ರಶ್ನೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ವಿಂಗಡಣೆಯಲ್ಲಿ ವಲಸೆ ಕಾರ್ಮಿಕರೂ ಲಾರಿ ಚಾಲಕರೂ ಸೋಂಕನ್ನು ದಾಟಿಸುವ ‘ಸೇತುವೆ’ಯ ಗುಂಪಿಗೆ ಸೇರುತ್ತಾರೆ. ಇದನ್ನು ಓದುವ ಕಾರ್ಮಿಕನಿಗೆ ತನ್ನ ಮೇಲೆಯೇ ಅಪವಾದ ಹೊರಿಸಿದಂತೆ ಕಾಣುವುದರಿಂದ, ಕರಪತ್ರದಲ್ಲಿ ಆ ಪದವನ್ನು ಕೈಬಿಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಗೋವೆಯ ವಾಸ್ಕೊ, ಝುವಾರಿನಗರಗಳಲ್ಲಿ, ಮುಂಬಯಿಯ ಧಾರಾವಿ, ಕಾಮಾಠಿಪುರಗಳಲ್ಲಿ ಕನ್ನಡಿಗರ ನಡುವೆ ಕೆಲಸ ಮಾಡುವ ಸದಸ್ಯರು, ಅಲ್ಲಿ ಈ ಔಷಧಗಳಿಗೆ ಜನರೇ ಇಟ್ಟುಕೊಂಡ ಹೆಸರುಗಳಿದ್ದರೆ ದಯವಿಟ್ಟು ತಿಳಿಸಬೇಕು. ಹೆಂಗಸರು ಒಂದು ಮಾತು, ಗಂಡಸರು ಇನ್ನೊಂದು ಮಾತು ಬಳಸುತ್ತಿದ್ದರೆ ಎರಡನ್ನೂ, ಉಚ್ಚಾರಣೆಯಿದ್ದಂತೆಯೇ ಬರೆದು ಕಳುಹಿಸಿ.